ನಲವತ್ತು ಸೆಕೆಂಡು

ಹಲ್ಲಿನ ಡಾಕ್ಟರು ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ನನ್ನ ದವಡೆಗೆ ಒತ್ತಿ ಇಟ್ಟರು. ಆ ಖಾರದ ವಾಸನೆ ಮೂಗಿಗೆ ಹತ್ತಿದ್ದೇ ತಡ, ಹಾಸನದ ಆ ಸಣ್ಣ ಕೋಣೆ, ಸದ್ದು ಬಾರದಿರಲೆಂದು ಗೋಡೆಗೆ ಹೊಡೆದಿದ್ದ ಕಂಬಳಿಗಳು, ಮೈಕಿನ ಮುಂದೆ ಕೂತ ಮೇಷ್ಟ್ರು... ಎಲ್ಲ ಒಟ್ಟಿಗೆ ಎದ್ದು ಬಂದವು. ಓದಲು ಶುರು ಮಾಡುವ ಮುಂಚೆ ಅವರು ಒಂದು ಲವಂಗವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಗಂಟಲು ಕೆರೆಯಬಾರದೆಂದು.

ಆಗ ನಾನು ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೆ. ವಿಷಯ ಬಲ್ಲವರಿಂದ ಐದೈದು ನಿಮಿಷ ಮಾತಾಡಿಸಿ, ಅದನ್ನು ಧ್ವನಿಮುದ್ರಿಸಿ, ಸುತ್ತಲಿನ ತಾಲ್ಲೂಕುಗಳ ವಾಟ್ಸಾಪ್ ಗುಂಪುಗಳಿಗೆ ಕಳಿಸುವುದು ನಮ್ಮ ಕೆಲಸ. ಹಾವು ಕಚ್ಚಿದರೆ ಏನು ಮಾಡಬೇಕು, ಗ್ರಹಣ ಹೇಗೆ ಆಗುತ್ತದೆ, ಬೋರ್‌ವೆಲ್ ನೀರು ಯಾಕೆ ಗಡಸು... ಇಂಥವು. ಪ್ರತಿ ಗುರುವಾರ ಬೆಳಿಗ್ಗೆ ಏಳಕ್ಕೆ ಕಳಿಸುತ್ತಿದ್ದೆವು. ಹಾಲು ಹಾಕಲು ಜನ ಸೇರುವ ಹೊತ್ತು ಅದು. ಎಷ್ಟೋ ಊರುಗಳ ಡೈರಿಯಲ್ಲಿ ಕಾರ್ಯದರ್ಶಿಗಳು ಅದನ್ನು ಸ್ಪೀಕರಿಗೆ ಹಾಕಿ ಎಲ್ಲರಿಗೂ ಕೇಳಿಸುತ್ತಿದ್ದರು. ಸಾಲಗಾಮೆ ಹತ್ತಿರದ ನಮ್ಮೂರಿನಲ್ಲೂ ಹಾಗೇ. ನಮ್ಮವ್ವ ಕ್ಯಾನು ಹಿಡಿದು ನಿಂತು ಕೇಳಿಸಿಕೊಂಡು ಬಂದು, "ಇವತ್ತು ನಿಮ್ ಮೇಷ್ಟ್ರು ಚೆಂದಾಗ್ ಏಳುದ್ರು ಕಣೇ" ಅನ್ನುತ್ತಿದ್ದಳು.

ಮೇಷ್ಟ್ರು ಚನ್ನರಾಯಪಟ್ಟಣದವರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ನಾಲ್ಕಾಗಿ ಮಡಿಸಿದ ಹಾಳೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಓದುವಾಗ ಒಂದು ಪದ ತಪ್ಪಿದರೂ ಮೊದಲಿನಿಂದ ಓದುತ್ತಿದ್ದರು.

ಆ ದಿನ ಅವರು ತಂದ ಹಾಳೆಯ ತಲೆಬರಹ "ಸಂಬಂಧದಲ್ಲಿ ಮದುವೆ" ಎಂದಿತ್ತು. ನನ್ನ ತಂಗಿಯ ಮದುವೆ ಗೊತ್ತಾಗಿತ್ತು, ನಮ್ಮ ಸೋದರಮಾವನ ಜೊತೆಗೇ. ಲಗ್ನಪತ್ರಿಕೆ ಹಂಚಿ ಆಗಿತ್ತು. ಮಾವ ಕೊಣನೂರಿನಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಅಪ್ಪ ಹೋದ ಮೇಲೆ ನಮ್ಮನ್ನು ಕೈಬಿಡದೆ ನೋಡಿಕೊಂಡವನು ಅವನೇ. ತಂಗಿಗೂ ಅವನೆಂದರೆ ಇಷ್ಟ. ಆದರೆ ಅವ್ವನಿಗೂ ಮಾವನಿಗೂ ಅಕ್ಕನಾದ ದೊಡ್ಡವ್ವ ಮದುವೆಯಾಗಿದ್ದೂ ಸಂಬಂಧದಲ್ಲೇ. ಅವಳ ಇಬ್ಬರು ಮಕ್ಕಳಿಗೂ ಹುಟ್ಟಿನಿಂದ ಕಿವಿ ಕೇಳದು. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಮೇಷ್ಟ್ರು ಓದತೊಡಗಿದರು. "ನಮ್ಮ ದೇಹದಲ್ಲಿ ಒಂದೇ ಪುಸ್ತಕದ ಎರಡು ಪ್ರತಿಗಳಿವೆ ಅಂದುಕೊಳ್ಳಿ. ಒಂದು ಅಪ್ಪನದು, ಒಂದು ಅಮ್ಮನದು. ಒಂದರಲ್ಲಿ ಒಂದು ಹಾಳೆ ಹರಿದಿದ್ದರೆ ಇನ್ನೊಂದನ್ನು ನೋಡಿ ಓದಿಕೊಳ್ಳಬಹುದು. ಎರಡರಲ್ಲೂ ಅದೇ ಹಾಳೆ ಹರಿದಿದ್ದರೆ?" ಆಮೇಲೆ, ಒಂದೇ ಮನೆತನದವರಲ್ಲಿ ಅದೇ ಹಾಳೆ ಹರಿದಿರುವ ಸಂಭವ ಯಾಕೆ ಹೆಚ್ಚು ಎಂದು ಬಿಡಿಸಿ ಹೇಳಿದರು. ಮುಗಿಸುವ ಸ್ವಲ್ಪ ಮುಂಚೆ, "ಮನೆತನದಲ್ಲಿ ಹುಟ್ಟು ಕಿವುಡಿನ ಮಕ್ಕಳಿದ್ದರೆ, ಅದೇ ಮನೆತನದೊಳಗೆ ಮತ್ತೆ ಮದುವೆ ಮಾಡುವ ಮುಂಚೆ ದಯವಿಟ್ಟು ನಿಲ್ಲಿ. ಡಾಕ್ಟರನ್ನು ಕೇಳಿ. ಇದು ಯಾವ ತಾಯಿಯ ತಪ್ಪೂ ಅಲ್ಲ, ಯಾವ ಶಾಪವೂ ಅಲ್ಲ," ಎಂದರು.

ಓದಿ ಮುಗಿದ ಮೇಲೆ ಮೈಕು ಆರಿಸಿ ಕೇಳಿದೆ. "ಎಲ್ಲರಿಗೂ ಹಾಗೇ ಆಗತ್ತಾ ಸಾರ್?"

"ಇಲ್ಲ ಕಣವ್ವ. ಬೇಕಾದಷ್ಟು ಜನಕ್ಕೆ ಏನೂ ಆಗಲ್ಲ. ಆದ್ರೆ ಮನೇಲಿ ಆಗ್ಲೇ ಅಂಥ ಮಕ್ಕಳಿದ್ರೆ ವಿಷಯ ಬೇರೆ. ಯಾಕೆ?"

"ಸುಮ್ಮನೆ ಕೇಳಿದೆ" ಅಂದೆ.

ಅವರು ಬಸ್ಸಿಗೆ ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಡೈರಿಯ ಮುಂದೆ ನಿಂತ ಅವ್ವ ಕಣ್ಣಿಗೆ ಕಟ್ಟಿದಳು. ಕಿವುಡು ಮಕ್ಕಳ ಮಾತು ಬರುವ ಆ ನಲವತ್ತು ಸೆಕೆಂಡನ್ನು ಕತ್ತರಿಸಿ ತೆಗೆದೆ. ಹಿಂದಿನದಕ್ಕೂ ಮುಂದಿನದಕ್ಕೂ ಗೊತ್ತಾಗದ ಹಾಗೆ ಬೆಸುಗೆ ಹಾಕಿದೆ. ಗುರುವಾರ ಬೆಳಿಗ್ಗೆ ಅದೇ ಹೋಯಿತು.

ಅವತ್ತೇ ಹತ್ತೂವರೆಗೆ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಬಂದು ಕೂತು, ಹಾಳೆ ಬಿಚ್ಚಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿಂದ ಇಲ್ಲೀ ತನಕ ಏನಾಯ್ತು?"

"ಫೈಲು ಕೆಟ್ಟಿತ್ತು ಸಾರ್."

"ಸರಿಯಾಗಿ ಈ ಜಾಗದಲ್ಲೇ ಕೆಟ್ಟಿತ್ತಾ?"

ನನ್ನಿಂದ ತಡೆಯಲಾಗಲಿಲ್ಲ. ದೊಡ್ಡವ್ವನ ಮಕ್ಕಳು, ಮಾವ, ತಂಗಿ, ಹಂಚಿದ ಪತ್ರಿಕೆ, ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ನಿಮ್ಮನೆಗೆ ಬೇಡ ಅಂತ ತೆಗೆದೆ, ಅರ್ಥ ಆಗತ್ತೆ," ಎಂದರು. "ಬೇರೆಯೋರ ಮನೆಗಳಿಗೂ ತೆಗೆದುಬಿಟ್ಟೆಯಲ್ಲವ್ವಾ."

ಹಾಳೆಯನ್ನು ಮತ್ತೆ ಮಡಿಸಿ ಜೇಬಿಗೆ ಹಾಕಿಕೊಂಡರು.

"ನಾನು ಯಾರಿಗೂ ಹೇಳಲ್ಲ. ಪೂರ್ತಿ ಕಳಿಸ್ತೀಯೋ ಬಿಡ್ತೀಯೋ ನೀನೇ ನೋಡು. ಕಳಿಸೋದಾದ್ರೆ ಅವತ್ತು ನಾನು ಬಂದು ಪಕ್ಕದಲ್ಲಿ ಕೂತಿರ್ತೀನಿ."

ಮದುವೆಗೆ ಇನ್ನು ಹದಿನೇಳು ದಿನ ಇತ್ತು. ಕತ್ತರಿಸಿದ್ದನ್ನು ಡೈರಿಯಲ್ಲಿ ಕೇಳಿದ್ದ ಅವ್ವನಿಗೆ ಅದು ತನ್ನ ಮನೆಯ ಮಾತು ಅನ್ನಿಸಿರಲಿಲ್ಲ. ಆ ವಾರ ನಾನು ಮನೆಯಲ್ಲಿ ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ. ತಂಗಿ ಟೈಲರ್ ಹತ್ತಿರ ಹೋಗಿ ಬಂದು ರವಿಕೆಯ ತೋಳು ಬಿಗಿಯಾಯಿತೆಂದು ಗೊಣಗುತ್ತಿದ್ದಳು. ಮನೆಯಲ್ಲೇ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬೇರೇನೋ ಮಾತಾಡಿದೆ. ಬುಧವಾರ ಮೇಷ್ಟ್ರಿಗೆ ಫೋನ್ ಮಾಡಿ, "ನಾಳೆ ಬನ್ನಿ ಸಾರ್" ಅಂದೆ.

ಅವರು ಮೊದಲ ಬಸ್ಸಿಗೆ ಬಂದರು. ಏಳು ಗಂಟೆಗೆ ಕಳಿಸಿದೆ. ಪರದೆಯ ಮೇಲೆ ಸಂದೇಶ ಹೋದ ಟಿಕ್ ಗುರುತು ಬಿತ್ತು. ಐದು ನಿಮಿಷ ಆಗಿರಲಿಲ್ಲ, ಫೋನು ಬಡಿದುಕೊಂಡಿತು. ಅವ್ವ. ಡೈರಿಯಿಂದಲೇ ಮಾಡಿದ್ದಳು. ಅವಳ ಹಿಂದೆ ಸ್ಪೀಕರಿನಲ್ಲಿ ಮೇಷ್ಟ್ರ ದನಿ ಕೇಳುತ್ತಿತ್ತು. ಆ ದನಿಯ ಒಡೆಯರು ನನ್ನೆದುರು ಬಾಯಿ ಮುಚ್ಚಿಕೊಂಡು ಕೂತಿದ್ದರು.

"ಏನೇ ಇದು? ಎಲ್ರೂ ನನ್ ಮಖನೇ ನೋಡ್ತಾವ್ರೆ ಕಣೇ! ಅಳ್ಸು ಅದ್ನ. ಈಗ್ಲೇ ಅಳ್ಸು!"

"ಅವ್ವಾ..."

"ನಿನ್ ತಂಗಿ ಬಾಳಿಗೆ ನೀನೇ ಕಲ್ಲಾಕ್ತೀಯೇನೇ? ಅಳ್ಸೇ ಅಂದ್ರೆ!"

ಅಳಿಸಲು ಆಗುತ್ತಿತ್ತು. ಫೋನನ್ನು ಸ್ಪೀಕರಿಗೆ ಹಾಕಿ, ಆ ಸಂದೇಶದ ಮೇಲೆ ಬೆರಳು ಒತ್ತಿ ಹಿಡಿದೆ. ಎಲ್ಲರ ಫೋನಿನಿಂದಲೂ ಅಳಿಸಬೇಕೇ ಎಂದು ಪರದೆ ಕೇಳಿತು. ಹೆಬ್ಬೆರಳು ಅದರ ಮೇಲೆಯೇ ಇತ್ತು. ಮೇಷ್ಟ್ರ ಕಡೆ ನೋಡಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಫೋನಿನಲ್ಲಿ ಅವ್ವ ಅಳುತ್ತಿದ್ದಳು. ಅವಳ ಹಿಂದೆ ಮೇಷ್ಟ್ರ ದನಿ, "ಯಾವ ತಾಯಿಯ ತಪ್ಪೂ ಅಲ್ಲ" ಅನ್ನುವಲ್ಲಿಗೆ ಬಂದಿತ್ತು. ನಾನು ಅಳಿಸದೆ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟೆ.

ಮಧ್ಯಾಹ್ನ ಮನೆಗೆ ಹೋಗುವ ಹೊತ್ತಿಗೆ ಮಾವ ಬಂದಿದ್ದ. ಅಂಗಡಿಯಿಂದ ಹಾಗೇ ಎದ್ದು ಬಂದವನ ಉಗುರುಗಳಲ್ಲಿ ಗ್ರೀಸು ಇತ್ತು. ಒಳಗೆ ಬಾರದೆ ಜಗಲಿಯ ಮೇಲೆ ಕೂತಿದ್ದ. ಅವ್ವ ನನ್ನನ್ನು ಕಂಡದ್ದೇ ಮುಖ ತಿರುಗಿಸಿದಳು.

"ಅವ್ಳ್ನ ಬೈಬ್ಯಾಡ ಅಕ್ಕ," ಅಂದ ಮಾವ. "ದೊಡ್ಡಕ್ಕನ ಮಕ್ಳ್ನ ಮೈಸೂರ್ಗೆ ಕರ್ಕೊಂಡ್ ಓಯ್ತಿದ್ದೋನು ನಾನೇ ಅಲ್ವಾ? ಅಲ್ಲಿ ಡಾಕ್ಟ್ರು ಇದೇ ಮಾತ ಏಳಿದ್ರು. ಸಂಬಂಧದಾಗೆ ಮತ್ತೆ ಮಾಡ್ಬ್ಯಾಡಿ ಅಂತ. ದೊಡ್ಡಕ್ಕ ನೊಂದ್ಕತಾಳೆ ಅಂತ ನುಂಗ್ಕೊಂಡೆ. ಆಮೇಕೆ ನೀನು ಈ ಮದ್ವೆ ಮಾತೆತ್ತಿದಾಗ... ಏಳಕ್ಕೆ ಬಾಯೇ ಬರ್ಲಿಲ್ಲ."

ಬಾಗಿಲ ಮರೆಯಲ್ಲಿದ್ದ ತಂಗಿ ಈಚೆ ಬಂದಳು. "ನಂಗಾದ್ರೂ ಏಳ್ಬೋದಿತ್ತಲ್ಲ ಮಾವ?"

ಅವನು ಉಗುರಿನ ಗ್ರೀಸು ಕೆರೆಯುತ್ತಾ ಕೂತ. ಅವಳು ಒಳಗೆ ಹೋಗಿ ಅವನಿಗೆ ಊಟಕ್ಕೆ ತಟ್ಟೆ ಹಾಕಿದಳು. ಮದುವೆ ನಿಂತದ್ದು ಹಾಗೆ. ಪತ್ರಿಕೆ ಕೊಟ್ಟಿದ್ದ ಒಂದೊಂದೇ ಮನೆಗೆ ಹೋಗಿ ಕೈಮುಗಿದು ಬಂದವನು ಮಾವ.

ಅವ್ವ ನನ್ನ ಜೊತೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ಮಾತಿಲ್ಲ. ಮೇಷ್ಟ್ರು ಬಂದಾಗಲೆಲ್ಲ ಮೊದಲು ಕೇಳುತ್ತಿದ್ದುದು ಅದನ್ನೇ. "ಅವ್ವ ಮಾತಾಡಿದ್ರಾ?" ಇಲ್ಲ ಅನ್ನುತ್ತಿದ್ದೆ. ಒಂದು ಸಲ, "ನಾನೇ ನಿಮ್ಮನೆಗೆ ಬಂದು ಕ್ಷಮೆ ಕೇಳ್ಲಾ?" ಎಂದರು. ಬೇಡ ಸಾರ್ ಅಂದೆ. ಆಮೇಲೆ ಅವರ ಗಂಟಲು ಕೆಡುತ್ತಾ ಬಂತು. ಒಂದು ಹಾಳೆ ಓದಿ ಮುಗಿಸಲು ಮೂರು ಸಲ ನಿಲ್ಲಿಸಬೇಕಾಯಿತು. ಮುಂದಿನ ತಿಂಗಳಿಂದ ಅವರು ಬರಲಿಲ್ಲ.

ಅದಾಗಿ ಕೆಲವು ವಾರಗಳಲ್ಲಿ ಅವ್ವ ಮಾತಾಡಿದಳು. ದೊಡ್ಡ ಮಾತೇನಲ್ಲ. ಒಲೆಯ ಮುಂದೆ ಕೂತವಳು ಸೌಟು ಚಾಚಿ, "ಉಪ್ಪು ಸರಿಯಾಗೈತಾ ನೋಡೇ" ಅಂದಳು. ಅವತ್ತೇ ಮೇಷ್ಟ್ರಿಗೆ ಫೋನ್ ಮಾಡಬೇಕು ಅಂದುಕೊಂಡೆ. ಗಂಟಲು ಕೆಟ್ಟವರನ್ನು ಮಾತಾಡಿಸುವುದು ಹೇಗೆ, ಒಂದು ದಿನ ಹೋಗಿಯೇ ಹೇಳಿದರಾಯಿತು ಎಂದು ಬಿಟ್ಟೆ. ಆಮೇಲೆ ಆ ಕೆಲಸ, ಈ ಕೆಲಸ... ಒಂದು ಗುರುವಾರ ನಮ್ಮದೇ ಗುಂಪಿನಲ್ಲಿ ಯಾರೋ ಅವರ ಫೋಟೊ ಹಾಕಿ, ಕೆಳಗೆ ಕೈಮುಗಿದ ಚಿತ್ರ ಹಾಕಿದ್ದರು.

ತಂಗಿ ಈಗ ಹೊರಗಿನ ಸಂಬಂಧದಲ್ಲಿ ಮದುವೆಯಾಗಿ ಚನ್ನರಾಯಪಟ್ಟಣದಲ್ಲೇ ಇದ್ದಾಳೆ. ಹೋದ ತಿಂಗಳು ಅವಳ ಮನೆಗೆ ಹೋದವಳು ವಿಳಾಸ ಕೇಳಿಕೊಂಡು ಮೇಷ್ಟ್ರ ಮನೆಗೂ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ನಾನು ಯಾರೆಂದು ಹೇಳುತ್ತಿದ್ದ ಹಾಗೆ ಕೈ ಹಿಡಿದುಕೊಂಡರು.

"ಹಾಸನದ ಹುಡುಗಿ ನೀನೇನವ್ವಾ? ಕೊನೆಕೊನೇಲಿ ಅವರಿಗೆ ಮಾತೇ ಹೊರಡ್ತಿರ್ಲಿಲ್ಲ. ಸ್ಲೇಟಲ್ಲಿ ಬರೆದು ತೋರ್ಸೋರು. ಗುರುವಾರ ಬಂತು ಅಂದ್ರೆ ಇದೊಂದು ಬರೆಯೋರು, ಆ ಹುಡುಗೀನ ಅವರವ್ವ ಮಾತಾಡಿಸಿದ್ರೋ ಇಲ್ವೋ ಅಂತ. ನಂಗೇನು ಗೊತ್ತು? ಗೊತ್ತಿಲ್ಲ ಅಂತ ತಲೆ ಆಡಿಸ್ತಿದ್ದೆ. ಮಾತಾಡಿಸಿದ್ರಾ?"

"ಮಾತಾಡಿಸಿದ್ರು," ಅಂದೆ.

"ಒಳ್ಳೇದಾಯ್ತು ಬಿಡವ್ವ," ಎಂದು ಕಾಫಿ ತರಲು ಒಳಗೆ ಹೋದರು. ಯಾವಾಗ ಎಂದು ಅವರು ಕೇಳಲಿಲ್ಲ. ಅವ್ವ ಮಾತಾಡಿದ ಮೇಲೆ ಮೇಷ್ಟ್ರು ಇನ್ನೂ ಹನ್ನೊಂದು ತಿಂಗಳು ಬದುಕಿದ್ದರು. ಅದನ್ನು ಆಕೆಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.