ಫಾಲೋಅಪ್ ಅಣ್ಣನ ಅಜ್ಜಿಯರು

ಅವನನ್ನು ನಾನು ಮೊದಲು ನೋಡಿದ್ದು ಸಸ್ಯಶಾಸ್ತ್ರ ವಿಭಾಗದ ಮೆಟ್ಟಿಲ ಮೇಲೆ. ಪಿಎಚ್‌ಡಿ ಸೀಟಿನ ಸಂದರ್ಶನ ಮುಗಿಸಿ, ಮುಖ ಸಪ್ಪಗೆ ಮಾಡಿಕೊಂಡು ಇಳಿಯುತ್ತಿದ್ದೆ. ಅವನು ಕಂಬಿಗೆ ಒರಗಿ ನಿಂತಿದ್ದ. ಒಂದು ಕೈಯಲ್ಲಿ ವಿಭಾಗದ ಮುಖ್ಯಸ್ಥರ ಕಾರಿನ ಕೀಲಿ, ಇನ್ನೊಂದರಲ್ಲಿ ಅವರ ಇಸ್ತ್ರಿ ಮಾಡಿಸಿದ ಕೋಟು. ಜೇಬಿನಲ್ಲಿ ಮೂರು ಬಣ್ಣದ ಪೆನ್ನುಗಳು. ಅವುಗಳಿಂದ ಅವನು ಏನಾದರೂ ಬರೆದದ್ದನ್ನು ಯಾರೂ ಕಂಡಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

"ಕೆಡಿಸ್ಕೊಂಡ್ಯಾ ತಂಗಿ?" ಎಂದು ಹಲ್ಲು ಕಿರಿದ.

ಕೆಡಿಸಿಕೊಂಡಿದ್ದೆ. ಉಪ್ಪುನೆಲದಲ್ಲಿ ನೀರಿದ್ದರೂ ಗಿಡ ಏಕೆ ಬಾಡುತ್ತದೆ ಎಂದು ಕೇಳಿದ್ದರು. ಬೇರು ಕೊಳೆಯುತ್ತದೆ ಎಂದುಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಇಲ್ಲಿ ದಾರಿಯಾಗದಿದ್ದರೆ ಓದಿಗೆ ಮಂಗಳ ಹಾಡಿ ಊರಿಗೆ ಹೋಗಿ ಅಪ್ಪನ ಹಿಟ್ಟಿನ ಗಿರಣಿಯಲ್ಲಿ ಕೂರಬೇಕಿತ್ತು.

"ಸಂದರ್ಶನ ಕೆಟ್ರೆ ಕೆಡ್ಲಿ ಬಿಡು. ಆಮೇಲಿಂದು ಮುಖ್ಯ. ಫಾಲೋಅಪ್ ಮಾಡ್ಬೇಕು," ಎಂದ.

ಹುಡುಗರು ಅವನನ್ನು ಫಾಲೋಅಪ್ ಅಣ್ಣ ಎನ್ನುತ್ತಿದ್ದುದು ಇದಕ್ಕೇ. ಸಂದರ್ಶನದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತು, ಆಮೇಲೆ ಮುಖ್ಯಸ್ಥರ ಹಿಂದೆ ಮುಂದೆ ಸುತ್ತಿ ಸೀಟು ಗಿಟ್ಟಿಸಿದವನು. ಅಂದಿನಿಂದ ಅವರ ಚೀಲ ಹೊರುವುದು, ಕರೆಂಟು ಬಿಲ್ಲು ಕಟ್ಟುವುದು, ಅವರ ಅತ್ತೆಯನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ಯುವುದು. ಇದನ್ನೇ ಅವನು ಸಂಶೋಧನೆ ಎಂದು ತಿಳಿದಿದ್ದ. ಪ್ರಬಂಧ ಮಾತ್ರ ಪೀಠಿಕೆಯ ಮೊದಲ ಪುಟ ದಾಟಿರಲಿಲ್ಲ.

"ಒಳಗೆ ಪ್ರಶ್ನೆ ಕೇಳಿದ್ರಲ್ಲ, ನಾಳೆ ಆ ಮೇಡಂ ರೂಮಿಗೆ ಹೋಗು. ಹಿಂದಿನ ದಿನ ಅಜ್ಜಿ ತೀರ್ಕೊಂಡ್ರು, ತಲೆ ಓಡ್ಲಿಲ್ಲ ಅನ್ನು."

"ಅಯ್ಯೋ, ನಮ್ಮಜ್ಜಿ ಗಟ್ಟಿಮುಟ್ಟಾಗಿದ್ದಾರಣ್ಣ!"

"ಇರ್ಲಿ ಬಿಡು, ಮೇಡಂ ಏನು ಹೋಗಿ ನಾಡಿ ಹಿಡಿದು ನೋಡ್ತಾರಾ? ಸ್ವಲ್ಪ ಕಣ್ಣೊರೆಸ್ಕೋ. ಜಾಸ್ತಿ ಅಳ್ಬೇಡ, ಓವರ್ ಆಗುತ್ತೆ."

"ಸರಿಯಾದ ಉತ್ತರ ಹೇಳಿ ಬಂದ್ರೆ?"

"ಉತ್ತರಾನಾ?" ಹೊಟ್ಟೆ ಹಿಡಿದುಕೊಂಡು ನಕ್ಕ. "ಉತ್ತರ ಯಾರಿಗೆ ಬೇಕಮ್ಮಾ!"

ಮರುದಿನ ನಾನು ಹೋದಾಗ, ನಮ್ಮನ್ನು ಸಂದರ್ಶಿಸಿದ್ದ ಮೇಡಂ ಕೋಣೆಯಿಂದ ಒಬ್ಬ ಹುಡುಗ ಕಿವಿ ಕೆಂಪಗೆ ಮಾಡಿಕೊಂಡು ಹೊರಬರುತ್ತಿದ್ದ. ಮೇಡಂ ತಲೆಯೆತ್ತದೆ ಕೇಳಿದರು: "ನಿಮ್ಮಜ್ಜೀನೂ ಹೋದ್ರಾ?"

ನಾನು ಕಕ್ಕಾಬಿಕ್ಕಿಯಾದೆ.

"ಬೆಳಗ್ಗೆಯಿಂದ ನಾಲ್ಕು ಜನ ಅಜ್ಜಿಯರು ಹೋಗಿದ್ದಾರೆ. ಏನು, ಊರಲ್ಲಿ ಅಜ್ಜಿಯರಿಗೇ ಅಂತ ರೋಗ ಬಂದಿದ್ಯಾ?"

ಆ ಮಹಾನುಭಾವ ಕಂಡಕಂಡವರಿಗೆಲ್ಲ ಅದೇ ಅಜ್ಜಿಯನ್ನು ಹಂಚಿದ್ದ. ಬದಲಾವಣೆಗೆಂದು ಒಬ್ಬ ತಾತನನ್ನಾದರೂ ಸಾಯಿಸುವಷ್ಟು ಕಲ್ಪನೆ ಆ ತಲೆಯಲ್ಲಿರಲಿಲ್ಲ.

"ಇಲ್ಲ ಮೇಡಂ, ಅಜ್ಜಿ ಚೆನ್ನಾಗಿದ್ದಾರೆ. ನಿನ್ನೆ ಉತ್ತರ ತಪ್ಪು ಹೇಳ್ದೆ. ಸರಿಯಾದದ್ದು ಹೇಳಿ ಹೋಗೋಣ ಅಂತ ಬಂದೆ."

ಪೆನ್ನು ಕೆಳಗಿಟ್ಟರು. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದರೆ ಬೇರಿಗೆ ಆ ನೀರನ್ನು ಎಳೆದುಕೊಳ್ಳುವುದು ಕಷ್ಟ ಎಂದು ವಿವರಿಸಿದೆ. ಹಾಗಾದರೆ ಕೆಲವು ಗಿಡಗಳು ಅಲ್ಲೇ ಹೇಗೆ ಬದುಕುತ್ತವೆ ಎಂದರು. ಅರ್ಧ ಹೇಳಿದೆ. ಉಳಿದರ್ಧ ಗೊತ್ತಿಲ್ಲ ಎಂದೆ.

"ಅಂಕ ಕಳಿಸಾಗಿದೆ, ಈ ವರ್ಷ ಸೀಟಿಲ್ಲ. ನನ್ನ ಲ್ಯಾಬಿಗೆ ಸಹಾಯಕರು ಬೇಕು. ಬರ್ತೀರಾ? ಮುಂದಿನ ವರ್ಷ ಮತ್ತೆ ಸಂದರ್ಶನಕ್ಕೆ ಕೂತ್ಕೊಳ್ಳಿ."

ಸೇರಿದೆ. ಮರುವರ್ಷ ಸೀಟು ಸಿಕ್ಕಿತು. "ನಾನೇ ಅಲ್ವಾ ಕಳ್ಸಿದ್ದು!" ಎಂದು ಅವನು ಕ್ಯಾಂಟೀನಿನಲ್ಲಿ ಎಲ್ಲರೆದುರು ಎದೆಯುಬ್ಬಿಸಿದ. ನಾಚಿಕೆ ಎಂಬುದು ಅವನ ಹತ್ತಿರ ಸುಳಿದದ್ದೇ ಇಲ್ಲ.

ಅದೇ ವರ್ಷ ಮುಖ್ಯಸ್ಥರು ನಿವೃತ್ತರಾಗಿ, ಮೇಡಂ ಆ ಕುರ್ಚಿಗೆ ಬಂದರು. ಅವನು ಹೂಗುಚ್ಛ ಹಿಡಿದು ಓಡಿದ.

"ಕಾರು ಸರ್ವಿಸ್‌ಗೆ ಬಿಡ್ಬೇಕಾ ಮೇಡಂ?"

"ನಾನು ಬಸ್ಸಲ್ಲಿ ಬರ್ತೀನಿ. ನೀವು ನಿಮ್ಮ ಮೊದಲನೇ ಅಧ್ಯಾಯ ತನ್ನಿ."

ಅವನು ತರಲಿಲ್ಲ, ತರುವುದಕ್ಕೆ ಏನೂ ಇರಲೂ ಇಲ್ಲ. ಕೊಟ್ಟ ಗಡುವು ಮುಗಿದ ಮೇಲೆ ಅವನ ನೋಂದಣಿ ರದ್ದಾಯಿತು.

ಈಗ ಅವನು ಹಳೆಯ ಮುಖ್ಯಸ್ಥರ ಅಳಿಯನ ಪೀಠೋಪಕರಣದ ಅಂಗಡಿಯಲ್ಲಿ ಗಿರಾಕಿಗಳಿಗೆ ಸೋಫಾ ತೋರಿಸುತ್ತಾನೆ.