ಕೊರಿಯಾದ ಗಂಡುಗಳೂ ಹಂಪಮ್ಮನ ಅನುಮಾನವೂ

ಕಂಪ್ಲಿಯ ಹಂಪಮ್ಮ ಸ್ವಂತ ಮಿಲ್ಲಿನ ಅಕ್ಕಿಯನ್ನೂ ನಂಬುವವಳಲ್ಲ. ಗಂಡ ದೊಡ್ಡಬಸಪ್ಪ ಕಲ್ಲು, ಕರಿಕಾಳುಗಳನ್ನೆಲ್ಲ ಬೇರೆ ಮಾಡುವ ಹೊಸ ಯಂತ್ರ ತರಿಸಿದ್ದ. ಆದರೂ ಮನೆಗೆ ಬಂದ ಅಕ್ಕಿ ಅವಳ ಮೊರದ ಮೇಲೆ ಒಮ್ಮೆ ಹರಡಿಕೊಳ್ಳದೆ ಒಲೆ ಕಂಡದ್ದಿಲ್ಲ. "ಯಂತ್ರಕ್ಕೇನ್ರಿ, ಅದೇನು ಅನ್ನ ಉಣ್ಣತೈತೇನು?" ಎಂದು ಕೇಳುತ್ತಿದ್ದಳು. ದಿನವೂ ಒಂದಾದರೂ ಕಲ್ಲು ಸಿಗುತ್ತಿತ್ತು. ಸಿಕ್ಕ ಕಲ್ಲನ್ನು ಗಂಡನ ಕಣ್ಣಿಗೆ ಬೀಳುವ ಹಾಗೆ ಕಿಟಕಿಯ ಮೇಲೆ ಇಡುತ್ತಿದ್ದಳು.

ಕೊರಿಯಾದ ಧಾರಾವಾಹಿಗಳನ್ನು ಅವಳು ನೋಡತೊಡಗಿದ್ದೂ ಹೀಗೆಯೇ, ಕಲ್ಲು ಆರಿಸಲೆಂದು.

ಮಗಳು ತ್ರಿವೇಣಿ ಊರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಸಂಜೆ ಮನೆಗೆ ಬಂದವಳು ಮೊಬೈಲ್ ಹಿಡಿದು ಮೂಲೆ ಸೇರಿದರೆ ಒಮ್ಮೆ ನಗು, ಒಮ್ಮೆ ಅಳು. ಹಂಪಮ್ಮ ಮೊರ ಕೆಳಗಿಟ್ಟಳು. ಯಾವನೋ ಹುಡುಗನ ಜೊತೆ ಮಾತುಕತೆ ನಡೆದಿರಬೇಕು ಎಂದುಕೊಂಡು ಹಿಂದಿನಿಂದ ಹೋಗಿ ಇಣುಕಿದಳು. ಹುಡುಗನೇನೋ ಇದ್ದ. ಆದರೆ ಹಾಲಿನಂಥ ಮೈಬಣ್ಣ, ತುಟಿಗೆ ಬಣ್ಣ, ಹಣೆಯ ಮೇಲೆ ಬಾಚದೆ ಬಿಟ್ಟ ಕೂದಲು. ಅಷ್ಟಾಗಿಯೂ ಅಚ್ಚ ತೆಲುಗಿನಲ್ಲಿ ಮಾತಾಡುತ್ತಿದ್ದ.

"ಯಾರಿವ?"

"ಕೊರಿಯಾದಾವ, ಅಮ್ಮ. ತೆಲುಗಿಗೆ ಡಬ್ ಮಾಡ್ಯಾರ."

"ತನ್ನ ಬಾಯಿಲೆ ತನ್ನ ಮಾತು ಆಡದಾವನ್ನ ನೋಡಿ ಅಳ್ತಿಯೇನ?"

ಮರುದಿನದಿಂದ ಅದನ್ನು ಟಿವಿಯಲ್ಲೇ ಹಾಕಬೇಕೆಂದು ಅಪ್ಪಣೆಯಾಯಿತು. ಮಗಳು ನೋಡುವುದೇನೆಂದು ತಾಯಿಗೆ ಗೊತ್ತಿರಬೇಕಲ್ಲ. ಮಿಲ್ಲಿಗೆ ಭತ್ತ ತರುವ ಆಂಧ್ರದ ಕಡೆಯವರ ಜೊತೆ ಮಾತಾಡಿ ಆಡಿ ಹಂಪಮ್ಮನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಸಂಜೆ ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮುಂಚೆಯೇ ಮೊರ ಹಿಡಿದು ಟಿವಿಯ ಮುಂದೆ ಕೂರುತ್ತಿದ್ದಳು. ಪಕ್ಕದ ಮನೆಯ ಜಂಬಮ್ಮನೂ ಬರುತ್ತಿದ್ದಳು. ಜಂಬಮ್ಮನದು ಹೂವಿನಂಥ ಮನಸ್ಸು. ಹೀರೋ ಛತ್ರಿ ಬಿಚ್ಚಿದರೆ ಸಾಕು, ಸೆರಗು ಕಣ್ಣಿಗೆ ಹೋಗುತ್ತಿತ್ತು.

"ನೋಡ ಅಕ್ಕ, ತಾನು ತೊಯ್ಸಿಕೊಂಡು ಆಕಿಗೆ ಛತ್ರಿ ಹಿಡದಾನ!"

"ಇಷ್ಟು ದೊಡ್ಡ ಕಂಪನಿ ಸಾಹುಕಾರ, ಎರಡು ಛತ್ರಿ ತರಾಕ ಏನಾಗಿತ್ತು ಅವಗ?" ಎನ್ನುತ್ತಿದ್ದಳು ಹಂಪಮ್ಮ, ಅಕ್ಕಿಯಿಂದ ಕಣ್ಣೆತ್ತದೆ. ಆದರೆ ಛತ್ರಿ ಎಷ್ಟಿದ್ದವೆಂಬುದು ಅವಳಿಗೆ ಗೊತ್ತಿರುತ್ತಿತ್ತು.

ಒಂದೊಂದೇ ಕಥೆ ಮುಗಿದಂತೆ ಅವಳ ಅಭಿಪ್ರಾಯಗಳು ಗಟ್ಟಿಯಾದವು. ಅಲ್ಲಿಯ ಗಂಡಸರು ಬಾಯಿ ಬಿಟ್ಟು "ನಿಲ್ಲು" ಎನ್ನುವುದಿಲ್ಲ, ಹೋಗುವ ಹುಡುಗಿಯ ಮುಂಗೈ ಹಿಡಿದು ಎಳೆಯುತ್ತಾರೆ. ಅದಕ್ಕೆ ಹಿಂದಿನಿಂದ ಪಿಟೀಲು ಬೇರೆ. "ಕಂಪ್ಲಿ ಬಸ್ ಸ್ಟ್ಯಾಂಡಿನ್ಯಾಗ ಹಿಂಗ ಯಾವನಾರ ಎಳದಿದ್ರ ಚಪ್ಪಲಿ ಸೇವಾ ಆಗ್ತಿತ್ತು" ಎಂದಳು. ಯಾವ ಹೀರೋಗೂ ಆಫೀಸಿನಲ್ಲಿ ಕೆಲಸವಿರುವುದಿಲ್ಲ. ಗಾಜಿನ ಕಿಟಕಿಯ ಹತ್ತಿರ ನಿಂತು ಊರು ನೋಡುವುದಕ್ಕೇ ಅವನಿಗೆ ಸಂಬಳ. ಬಡ ಹುಡುಗಿ ಎನ್ನುತ್ತಾರೆ, ಒಂದು ದಿನ ತೊಟ್ಟ ಕೋಟು ಇನ್ನೊಂದು ದಿನ ತೊಡುವುದಿಲ್ಲ. ಅವಳು ಕುಡಿದು ಬೀಳುತ್ತಾಳೆ, ಅವನು ಬೆನ್ನ ಮೇಲೆ ಹೊತ್ತು ಮನೆಗೆ ಒಯ್ಯುತ್ತಾನೆ. ದೇವರ ಗೂಡು ಒಂದು ಮನೆಯಲ್ಲೂ ಕಾಣಲಿಲ್ಲವೆಂಬುದು ಅವಳನ್ನು ಬಹಳ ದಿನ ಕೊರೆಯಿತು. ಆಮೇಲೆ ಒಂದು ಕಥೆಯಲ್ಲಿ ಸತ್ತ ಅಜ್ಜನ ಫೋಟೋದ ಮುಂದೆ ಎಡೆ ಇಟ್ಟು ಎಲ್ಲರೂ ಉದ್ದಕ್ಕೆ ಅಡ್ಡಬಿದ್ದರು. ಅವತ್ತೊಂದು ದಿನ ಅವರ ಮೇಲೆ ಸ್ವಲ್ಪ ಸಿಟ್ಟು ಇಳಿಯಿತು.

ಅತ್ತೆಯರನ್ನು ಮಾತ್ರ ಅವಳು ಮೆಚ್ಚಿದ್ದಳು. ಮಗನ ಮನಸ್ಸು ಕದ್ದ ಹುಡುಗಿಯನ್ನು ಹೋಟೆಲಿಗೆ ಕರೆಸಿ ಮುಖಕ್ಕೆ ನೀರು ಎರಚುವ ಅತ್ತೆಯರು! "ಇವರು ನೋಡು, ಒಳಗಿದ್ದದ್ದನ್ನ ಹೊರಗ ತೋರಿಸ್ತಾರ. ಇವರನ್ನ ನಂಬಬೌದು."

ಅವಳಿಗೆ ಎಲ್ಲಕ್ಕಿಂತ ಸಂಶಯ ಬರುತ್ತಿದ್ದದ್ದು ಎರಡು ಸಂಗತಿಗಳಲ್ಲಿ. ಹುಡುಗಿ ಏನೋ ಕೆಟ್ಟ ಅಡುಗೆ ಮಾಡಿ ಇಡುತ್ತಾಳೆ, ಹೀರೋ ಅದನ್ನು ನಗುತ್ತ ಕಡೆಯ ತುತ್ತಿನವರೆಗೆ ತಿನ್ನುತ್ತಾನೆ. "ಕೆಟ್ಟ ಅಡಗಿ ಚಲೋ ಐತಿ ಅನ್ನೋ ಗಂಡು ಮುಂದ ಏನೇನು ಸುಳ್ಳು ಹೇಳ್ತಾನೋ!" ಇನ್ನೊಂದು, ಅಲ್ಲಿ ದೊಡ್ಡವರು ಏನು ಕೊಟ್ಟರೂ ತಲೆ ಬಾಗಿಸಿ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು. ಅದು ಬಂದಾಗಲೆಲ್ಲ ಹಂಪಮ್ಮನ ಕೈ ಮೊರದ ಮೇಲೆ ನಿಂತುಬಿಡುತ್ತಿತ್ತು. ಏಕೆಂದು ಯಾರಿಗೂ ಹೇಳಿರಲಿಲ್ಲ.

ಅವಳ ಅಕ್ಕ ಸುಮಂಗಲಾಳನ್ನು ನೋಡಲು ಬಂದ ಗಂಡು ನೀರಿನ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಿದ್ದ. ತಲೆ ಎತ್ತದ ಹುಡುಗ, ಬಂಗಾರದಂಥವನು ಎಂದು ಮನೆಯವರೆಲ್ಲ ಹಿಗ್ಗಿದ್ದರು. ಮದುವೆಯಾದ ಮೇಲೆ ಹಂಪಮ್ಮ ಅಕ್ಕನ ಮನೆಗೆ ಹೋಗಿ ಉಳಿದಾಗ, ಅಡುಗೆ ಸೇರಲಿಲ್ಲವೆಂದು ಅವನು ಎಸೆದ ಲೋಟ ಗೋಡೆಗೆ ಬಡಿದ ಸದ್ದು ಕೇಳಿದಳು. ಅಕ್ಕ ಅದನ್ನು ಎತ್ತಿ, ತೊಳೆದು, ಮತ್ತೆ ನೀರು ತುಂಬಿಸಿ ಕೊಟ್ಟಿದ್ದನ್ನೂ ನೋಡಿದಳು. ಅಕ್ಕ ಈಗಿಲ್ಲ.

ತ್ರಿವೇಣಿಗೆ ಗಂಡು ಬಂದದ್ದು ಹೊಸಪೇಟೆಯಿಂದ. ತಿಪ್ಪೇಶ ಎಂದು ಹೆಸರು, ಪಂಪ್‌ಸೆಟ್ಟು ಪೈಪುಗಳ ಅಂಗಡಿ, ತಂದೆ ಇಲ್ಲ, ತಾಯಿ ಭರಮಮ್ಮ ಇದ್ದಾಳೆ. ದೊಡ್ಡಬಸಪ್ಪ ಮೊದಲೇ ಹೇಳಿಬಿಟ್ಟಿದ್ದ: "ವಿಚಾರ ಮಾಡೀನಿ, ಮನಿತನ ಚಲೋ ಐತಿ. ಇನ್ನು ನೀ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ."

ಅವರು ಬಂದ ದಿನ ಮಂಡಕ್ಕಿ ಒಗ್ಗರಣೆ ಮಾಡುವ ಗಡಿಬಿಡಿಯಲ್ಲಿ ತಾಯಿ ಒಮ್ಮೆ ಉಪ್ಪು ಹಾಕಿದಳು, ತಾಯಿ ಮರೆತಿದ್ದಾಳೆಂದು ಮಗಳು ಇನ್ನೊಮ್ಮೆ ಹಾಕಿದಳು. ಹಂಪಮ್ಮ ರುಚಿ ನೋಡುವಷ್ಟರಲ್ಲಿ ತಟ್ಟೆಗಳು ಹೊರಗೆ ಹೋಗಿದ್ದವು. ಭರಮಮ್ಮ ಎರಡು ತುತ್ತು ತಿಂದು ಹಲ್ಲುನೋವು ಎಂದಳು. ದೊಡ್ಡಬಸಪ್ಪ ಕೆಮ್ಮಿದ. ತಿಪ್ಪೇಶ ನಗುತ್ತ ಕಡೆಯ ಮಂಡಕ್ಕಿಯವರೆಗೆ ತಿಂದ.

"ಮಸ್ತ್ ಆಗೈತ್ರಿ ಅಮ್ಮಾರ."

ಬಾಗಿಲ ಮರೆಯಲ್ಲಿ ನಿಂತಿದ್ದ ಹಂಪಮ್ಮ ಖಾಲಿ ತಟ್ಟೆಯನ್ನೇ ನೋಡಿದಳು. ಆಮೇಲೆ ತ್ರಿವೇಣಿ ನೀರು ತಂದಳು. ಅವನು ತಲೆ ಬಾಗಿಸಿ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಅವರು ಹೋದ ಮೇಲೆ ಜಂಬಮ್ಮ ಓಡಿ ಬಂದಳು. "ಅಕ್ಕ, ಥೇಟ್ ಕೊರಿಯಾದಾವ ಇದ್ದಂಗ ಅದಾನಲ್ಲ! ಬಣ್ಣ ಒಂದೀಟು ಕಮ್ಮಿ."

"ಅದಕ್ಕ ಒಲ್ಲೆ," ಎಂದಳು ಹಂಪಮ್ಮ.

ತ್ರಿವೇಣಿಯ ಮುಖ ಇಳಿದುಹೋಯಿತು. "ಅವರಾಗ ಏನು ತಪ್ಪು ಕಂಡಿ, ಅಮ್ಮ?"

"ಒಂದೂ ಕಾಣಲಿಲ್ಲ. ಮನಷ್ಯಾ ಅಂದಮ್ಯಾಲೆ ಒಂದು ಕಲ್ಲರ ಸಿಗಬೇಕು."

ಅಂದಿನಿಂದ ಮಗಳು ಟಿವಿಯ ಮುಂದೆ ಬರಲಿಲ್ಲ. ಶಾಲೆಯಿಂದ ಬಂದರೆ ಒಳಕೋಣೆ ಸೇರುತ್ತಿದ್ದಳು. ಆ ಹುಡುಗ ಬೇಕೆಂದು ಬಾಯಿ ಬಿಟ್ಟು ಹೇಳಲಿಲ್ಲ. ಊಟ ಅರ್ಧ ಬಿಟ್ಟು ಏಳುತ್ತಿದ್ದಳು, ಅದೇ ಹೇಳಿದಂತಿತ್ತು. ಹಂಪಮ್ಮ ಒಬ್ಬಳೇ ಕೂತು ಧಾರಾವಾಹಿ ಹಾಕಿದರೆ, ಅಲ್ಲಿ ಲೋಟ ತೆಗೆದುಕೊಳ್ಳುವವರೆಲ್ಲ ತಿಪ್ಪೇಶನ ಹಾಗೆಯೇ ಕಂಡರು. ಪೂಜೆಗೆ ಕೂತರೆ ಅಂಗೈಯ ಮೇಲಿನ ಲಿಂಗದಲ್ಲಿ ಮನಸ್ಸು ನಿಲ್ಲಲೊಲ್ಲದು. ಹೂಂ ಅಂದು ಮಗಳು ಅಕ್ಕನಂತಾದರೆ? ಒಲ್ಲೆ ಅಂದು ಹುಡುಗ ನಿಜವಾಗಿ ಒಳ್ಳೆಯವನಾಗಿದ್ದರೆ?

ಕಡೆಗೆ ಗಂಡನಿಗೆ ಹೇಳಿದಳು: "ಮನಿ ನೋಡಾಕ ಹೋಗೋಣು. ಆದ್ರ ಉಪ್ಪು ಮುಟ್ಟಂಗಿಲ್ಲ."

ಅದು ಅವರ ಬಳಗದ ರೂಢಿ. ಗಂಡಿನ ಮನೆ ನೋಡಲು ಹೋದವರು ಸಂಬಂಧ ಮನಸ್ಸಿಗೆ ಬರುವ ತನಕ ಆ ಮನೆಯ ಉಪ್ಪು ತಿನ್ನುವುದಿಲ್ಲ. ಚಹಾ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು. ಉಪ್ಪಿನ ತಿಂಡಿಗೆ ಹೆಣ್ಣಿನ ತಾಯಿ ಕೈ ಹಾಕಿದಳೆಂದರೆ ಮಾತು ಕೊಟ್ಟಂತೆಯೇ. ಆಮೇಲೆ ಹಿಂದೆಗೆದರೆ ಉಪ್ಪಿಗೆ ಎರಡು ಬಗೆದಂತೆ. ಅವಳು ಮುಟ್ಟುವ ತನಕ ಜೊತೆಗೆ ಹೋದವರೂ ಮುಟ್ಟುವ ಹಾಗಿಲ್ಲ.

ಹೊಸಪೇಟೆಯ ಬಸ್ಸು ಕಮಲಾಪುರ ದಾಟುವಾಗ ಹಂಪಮ್ಮ ವಿರೂಪಾಕ್ಷನ ದಿಕ್ಕಿಗೆ ಕೈಮುಗಿದಳು. ಏನೂ ಬೇಡಿಕೊಳ್ಳಲಿಲ್ಲ. "ತೋರಿಸು" ಎಂದಳು ಅಷ್ಟೇ.

ಅಂಗಡಿಯ ಹಿಂದೆಯೇ ಮನೆ. ಇವರು ಹೊಸ್ತಿಲು ತುಳಿಯುವ ಹೊತ್ತಿಗೆ ಒಳಗಿನಿಂದ ಜಗಳ ಕೇಳಿಸಿತು.

"ಸೋಡಾ ಸುರೀಬ್ಯಾಡ ಅಂದಿದ್ದಿಲ್ಲೇನಬೇ? ಮಿರ್ಚಿ ಉಬ್ಬಿ ಬದನಿಕಾಯಿ ಆಗ್ಯಾವ!"

"ನಿನ್ನ ಪೈಪ್ ಅಂಗಡಿ ನೀ ನೋಡಿಕ್ಯೋ, ನನ್ನ ಬಾಣಲಿ ನಾ ನೋಡಿಕ್ಯಂತೀನಿ."

ತಿಪ್ಪೇಶ ಹೊರಗೆ ಬಂದು ಇವರನ್ನು ನೋಡಿದ. ನೋಡನೋಡುತ್ತಲೇ ಅವನ ದನಿ ಬದಲಾಯಿತು, ಮುಖಕ್ಕೆ ನಗು ಬಂತು, ತಲೆ ಬಾಗಿತು. ಹಂಪಮ್ಮ ಹೊಸ್ತಿಲಲ್ಲೇ ನಿಂತಳು. ಇದೇ, ತಾನು ಇಷ್ಟು ದಿನ ಹುಡುಕಿದ್ದು ಇದೇ: ಒಳಗೊಂದು, ಹೊರಗೊಂದು.

ಭರಮಮ್ಮ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ತಟ್ಟೆಗಳನ್ನು ತಂದಿಟ್ಟಳು. ಹಂಪಮ್ಮ ಬಾಳೆಹಣ್ಣು ಮಾತ್ರ ತೆಗೆದುಕೊಂಡಳು. ದೊಡ್ಡಬಸಪ್ಪ ತಟ್ಟೆಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ ತಾನೂ ಒಂದು ಹಣ್ಣು ಸುಲಿದ. ಎಲ್ಲರಿಗೂ ಅರ್ಥವಾಗಿತ್ತು. ಮಿರ್ಚಿ ಆರತೊಡಗಿದವು.

"ತಮ್ಮಾ, ಅವತ್ತು ನಮ್ಮನಿ ಒಗ್ಗರಣಿ ಹೆಂಗಿತ್ತು?" ಎಂದು ಹಂಪಮ್ಮ ನೇರವಾಗಿ ಕೇಳಿದಳು.

"ಮಸ್ತ್ ಇತ್ತ್ರಿ ಅಮ್ಮಾರ."

"ಅದಕ್ಕ ಎರಡು ಸಲ ಉಪ್ಪು ಬಿದ್ದಿತ್ತು. ನಾನೇ ಉಣ್ಣಲಿಲ್ಲ, ನಮ್ಮ ನಾಯಿ ಮೂಸಿ ನೋಡಿ ಹೋತು. ನೀ ಎದಕ್ಕ ಸುಳ್ಳು ಹೇಳಿದಿ?"

ತಿಪ್ಪೇಶ ತಾಯಿಯ ಮುಖ ನೋಡಿದ. ಭರಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಹೇಳಲೇ, ಇನ್ನೇನು ಮುಚ್ಚಿಡ್ತಿ? ಅವತ್ತು ಮನಿಗೆ ಬಂದಾವನ ಕೊಡದ ಮುಂದ ನಿಂತುಬಿಟ್ಟನವ್ವ, ಎಮ್ಮಿ ನೀರು ಕುಡದಂಗ ಕುಡದ."

ಅವನ ಕಿವಿ ಕೆಂಪಾದವು. "ತ್ರಿವೇಣಿ ಹೇಳಿಕೊಟ್ಟಾರ್ರಿ," ಎಂದ. "ನಿಮ್ಮನಿಗೆ ಬರೋ ಮೊದಲ ನಂಬರ್ ಸಿಕ್ಕಿತ್ತು, ಫೋನಿನ್ಯಾಗ ಮಾತಾಡಿದ್ವಿ. ನಮ್ಮಮ್ಮ ದಿನಾ ಕೊರಿಯಾ ಸೀರಿಯಲ್ಲು ಕಣ್ಣು ಮಿಟಕಸದಂಗ ನೋಡ್ತಾಳ, ಒಂದು ದಿನ ತಪ್ಪಸಂಗಿಲ್ಲ, ಆಕಿಗೆ ಅಂಥಾ ಅಳಿಯನ ಬೇಕಾಗಿರಬೇಕು, ನೀವು ಹಂಗ ಇರ್ರಿ ಅಂದ್ರು. ನಾನೂ ಕುಂತು ನೋಡಿದ್ನಿ. ಲೋಟ ಎರಡು ಕೈಲೆ ಹಿಡಿಯಾದು ನಮ್ಮವ್ವನ ಮುಂದ ಪ್ರಾಕ್ಟೀಸ್ ಮಾಡೀನ್ರಿ."

"ನಾ ಹೊಳ್ಳಿ ಹೊಳ್ಳಿ ನೀರು ಕೊಟ್ಟು ಸಾಕಾತು," ಎಂದಳು ಭರಮಮ್ಮ.

ದೊಡ್ಡಬಸಪ್ಪನಿಗೆ ನಗು ತಡೆಯಲಾಗದೆ ಹಣ್ಣು ನೆತ್ತಿಗೇರಿತು. ಹಂಪಮ್ಮ ನಗಲಿಲ್ಲ. ಒಂದೇ ಚಾಪೆಯ ಮೇಲೆ ಇಷ್ಟು ದಿನ ಕೂತ ಮಗಳಿಗೆ, ತಾಯಿ ಏನು ನೋಡುತ್ತಿದ್ದಾಳೆಂದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ದೊಡ್ಡಮ್ಮನ ಲೋಟದ ಮಾತನ್ನು ಅವಳಿಗೆ ಹೇಳಿದವರು ಯಾರು? ಅವಳು ಕಂಡದ್ದು ತಾಯಿ ದಿನವೂ ಪೂಜೆ ಮುಗಿದ ಕೂಡಲೇ ಬಂದು ಕೂರುವುದನ್ನು.

"ಇನ್ನೊಂದು ಕೇಳ್ತೀನಿ," ಎಂದಳು. "ಯಾರು ಕಲಿಸಿದ್ದನ್ನೂ ಹೇಳಬ್ಯಾಡ. ಲಗ್ನ ಆದಮ್ಯಾಲೆ ಆಕಿ ಹಿಂಗ ಉಪ್ಪು ಸುರದ್ರ ಏನು ಮಾಡ್ತಿ?"

ಅವನು ತಲೆ ಕೆರೆದುಕೊಂಡ. ಈ ಸಲ ನಗಲಿಲ್ಲ. "ಉಪ್ಪು ಹೆಚ್ಚಾಗೈತಿ ಅಂತೀನ್ರಿ."

"ಅಷ್ಟಾ?"

"ಇನ್ನೇನ್ರಿ? ಮಸರು ಕಲಸಿಕ್ಯಂಡು ಉಣ್ಣಾದು."

ಹಂಪಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಿರ್ಚಿಯ ತುದಿ ಮುರಿದು, ಕಣ್ಣು ಮುಚ್ಚಿ ಶಿವನನ್ನು ನೆನೆದು ಬಾಯಿಗೆ ಹಾಕಿಕೊಂಡಳು. ಅವಳು ಅಗಿಯುವ ಮುಂಚೆಯೇ ದೊಡ್ಡಬಸಪ್ಪನ ಕೈಯಲ್ಲಿ ಎರಡು ಮಿರ್ಚಿ ಇದ್ದವು.

"ಸೋಡಾ ಹೆಚ್ಚಾಗೈತವ್ವ ಬೀಗತಿ," ಎಂದಳು ಹಂಪಮ್ಮ.

"ನಾ ಹೇಳಲಿಲ್ಲೇನಬೇ!" ಎಂದು ತಿಪ್ಪೇಶ ತಾಯಿಯತ್ತ ತಿರುಗಿದ. ಬೀಗತಿ ಎಂಬ ಮಾತು ಕಿವಿಗೆ ಬಿದ್ದ ಭರಮಮ್ಮ ಸಕ್ಕರೆ ತರಲು ಆಗಲೇ ಒಳಗೆ ಓಡಿದ್ದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಹಂಪಮ್ಮ ಮಗಳಿಗೆ ಫೋನು ಮಾಡಿದಳು. "ಹೂಂ ಅಂದು ಬಂದೀನಿ. ಸಂಜಿಗೆ ಟಿವಿ ಮುಂದ ಕುಂದ್ರು. ನಿಮ್ಮ ದೊಡ್ಡಮ್ಮನ ಸುದ್ದಿ ಒಂದು ಹೇಳಾದು ಐತಿ." ಆ ಕಡೆಯಿಂದ ಮೂಗು ಏರಿಸುವ ಸದ್ದು ಬಂತು.

ಕಮಲಾಪುರ ಬಂತು. ಹಂಪಮ್ಮ ಮತ್ತೆ ವಿರೂಪಾಕ್ಷನ ದಿಕ್ಕಿಗೆ ಕೈ ಎತ್ತಿದಳು. ಎತ್ತಿದ ಕೈ ಅರ್ಧಕ್ಕೇ ನಿಂತಿತು.

"ಏನ್ರೀ, ಆ ಮಸರಿನ ಮಾತು... ಅದನ್ನೂ ನಮ್ಮ ತ್ರಿವೇಣಿನೇ ಕಲಿಸಿರಬೌದೇನು?"

ಹೊಟ್ಟೆ ತುಂಬಿದ ದೊಡ್ಡಬಸಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ: "ಸುಮ್ನ ಕುಂದ್ರು. ಉಪ್ಪು ತಿಂದಾತು."