ಹಿಂದಿನ ಸೀಟಿನವನ ಟಿಕೆಟ್

ನಮ್ಮ ಕಡೆ ಬಸ್ಸಿನಲ್ಲಿ ಪರಿಚಯದವರು ಸಿಕ್ಕರೆ ಟಿಕೆಟ್ಟಿಗೊಂದು ಜಗಳ ಆಗಲೇಬೇಕು. ನಾನು ತೆಗೆಸುತ್ತೇನೆ, ನೀವು ಸುಮ್ಮನಿರಿ ಎಂದು ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಎಳೆದಾಡುತ್ತಾರೆ. ಬೀಗರಾದರಂತೂ ಕಂಡಕ್ಟರನ ಕಥೆ ಮುಗಿಯಿತು. ಬೈಲಹೊಂಗಲದಲ್ಲಿ ಹತ್ತಿದವರ ಜಗಳ ಮುನವಳ್ಳಿಗೆ ಬಂದರೂ ಇತ್ಯರ್ಥವಾಗದ್ದನ್ನು ಕಂಡಿದ್ದೇನೆ. ಹೆಂಗಸರಿಗೆ ಪ್ರಯಾಣ ಉಚಿತವಾದಾಗ ಈ ಜಗಳ ಅರ್ಧ ಸತ್ತಿತು. ಫೋನಿನಿಂದ ಸ್ಕ್ಯಾನ್ ಮಾಡಿ ಟಿಕೆಟ್ ತೆಗೆಯುವುದು ಬಂದ ಮೇಲೆ ಉಳಿದರ್ಧವೂ ಹೋಯಿತು. ಮುಂದೆ ಕಾರ್ಡು ಬರುತ್ತದಂತೆ, ಮುಟ್ಟಿಸಿದರೆ ಸಾಕಂತೆ. ಎಲ್ಲರೂ ಒಳ್ಳೆಯದಾಯಿತು ಅನ್ನುತ್ತಾರೆ. ನನಗೆ ಮಾತ್ರ ಏನೆನ್ನಬೇಕೋ ತಿಳಿಯುವುದಿಲ್ಲ.

ನಾನು ಮುನವಳ್ಳಿಯವನು, ಸವದತ್ತಿಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ. ದಿನಾ ಅದೇ ಬೆಳಗಿನ ಬಸ್ಸು, ಅದೇ ಹಿಂದಿನ ಸೀಟು. ಊರು ದಾಟಿದ ಮೇಲೆ ಒಂದು ಕ್ರಾಸ್ ಬರುತ್ತದೆ. ಅಲ್ಲಿನ ತೋಟದ ಮನೆಯಲ್ಲಿ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ ಇದ್ದಾರೆ. ಉಗರಗೋಳದಲ್ಲಿ ಅವರ ಮಗಳು ದೇವಿಯ ಗುಡ್ಡಕ್ಕೆ ಹೋಗುವವರಿಗೆ ಕಾಯಿ, ಭಂಡಾರದ ಅರಿಸಿನ ಮಾರುವ ಅಂಗಡಿ ಇಟ್ಟಿದ್ದಾಳೆ. ಮಂಗಳವಾರ, ಶುಕ್ರವಾರ ಅಲ್ಲಿ ಗದ್ದಲ ಹೆಚ್ಚೆಂದು ಕಾಕಾ ಇದೇ ಬಸ್ಸಿನಲ್ಲಿ ಸವದತ್ತಿಗೆ ಬಂದು, ಅಲ್ಲಿಂದ ಅವಳಿಗೆ ಆಸರೆಯಾಗಲು ಹೋಗುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ಹೊಲ ಪಾಲಾಯಿತು. ಬದುವಿನ ಮೇಲಿನ ಬನ್ನಿ ಗಿಡ ಯಾರಿಗೆ ಎಂಬಲ್ಲಿ ಮಾತಿಗೆ ಮಾತು ಬೆಳೆದು, ಎರಡು ಮನೆಗಳ ನಡುವೆ ಮಾತೇ ನಿಂತುಹೋಯಿತು. ಮದುವೆ, ಮುಂಜಿ, ಸಾವು ಯಾವುದಕ್ಕೂ ಹೋಗಿಬರುವುದಿಲ್ಲ. ಆದರೆ ಬಸ್ಸಿನಲ್ಲಿ ಕಾಕಾ ಒಂದು ರೂಢಿ ಬಿಟ್ಟಿರಲಿಲ್ಲ. ಮುಂದಿನ ಬಾಗಿಲಿನಿಂದ ಹತ್ತಿ, ನನ್ನ ಕಡೆ ತಿರುಗಿಯೂ ನೋಡದೆ ಕಂಡಕ್ಟರನಿಗೆ ಹೇಳುತ್ತಿದ್ದರು: “ಎರಡ ಕೊಡು. ಒಂದು ಮುನವಳ್ಳಿಯಿಂದ, ಹಿಂದ ಕುಂತಾನಲ್ಲ, ಅವಂಗ.”

ಆ ಟಿಕೆಟ್ಟು ಕೈಯಿಂದ ಕೈಗೆ ದಾಟಿ ನನ್ನ ತನಕ ಬರುತ್ತಿತ್ತು. ಬೇಡ ಅನ್ನುವಂತಿಲ್ಲ, ಉಪಕಾರವಾಯಿತು ಅನ್ನುವಂತೆಯೂ ಇಲ್ಲ. ಸಿಟ್ಟಿದ್ದರೆ ಟಿಕೆಟ್ ಯಾಕೆ, ಪ್ರೀತಿಯಿದ್ದರೆ ಮಾತು ಯಾಕಿಲ್ಲ? ಎಷ್ಟು ತಲೆ ಕೆರೆದುಕೊಂಡರೂ ಬಗೆಹರಿಯುತ್ತಿರಲಿಲ್ಲ. ಅಪ್ಪನ ಕಡೆಯವರೆಂದು ನನಗೆ ಉಳಿದದ್ದು ಆ ಒಂದು ಚೂರು ಕಾಗದ ಮಾತ್ರ.

ಮೊದಲೆಲ್ಲ ಕಂಡಕ್ಟರ್ ಚಿಲ್ಲರೆಗಾಗಿ ಮುಂದಿನ ಸೀಟುಗಳಲ್ಲೇ ಗುದ್ದಾಡುತ್ತ, ಕ್ರಾಸ್ ದಾಟಿದ ಮೇಲೆಯೇ ನನ್ನ ಬಳಿ ಬರುತ್ತಿದ್ದ. ಈಗ ಎಲ್ಲರೂ ಫೋನ್ ಹಿಡಿದು ಕೂತಿರುತ್ತಾರೆ. ಒಂದು ಮಂಗಳವಾರ ಬಸ್ಸು ಊರು ದಾಟುವಷ್ಟರಲ್ಲೇ ಅವನು ಮಷಿನ್ನನ್ನು ನನ್ನ ಮೂಗಿನ ಮುಂದೆ ಹಿಡಿದ. ನಾನೂ ಸ್ಕ್ಯಾನ್ ಮಾಡಿದೆ. ಬಂತು ಟಿಕೆಟ್ಟು. ಎಷ್ಟು ಸಲೀಸು ಎಂದು ಖುಷಿಯೂ ಪಟ್ಟೆ.

ಕ್ರಾಸಿನಲ್ಲಿ ಕಾಕಾ ಹತ್ತಿ ಎಂದಿನಂತೆ ಎರಡು ಕೇಳಿದರು.

“ಅವರದಾಗೇತ್ರಿ ಯಜಮಾನ್ರ, ಫೋನಿನ್ಯಾಗ ತಗದಾರ” ಅಂದ ಕಂಡಕ್ಟರ್.

ಕಾಕಾ ತಿರುಗಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದರು. ನಾನು ಫೋನನ್ನು ಕಿಸೆಗೆ ತುರುಕಿದೆ, ಕದ್ದ ಮಾಲು ಅಡಗಿಸಿದವನ ಹಾಗೆ.

“ಹಂಗಾರ ಒಂದಽ ಕೊಡು” ಅಂದರು.

ಆ ಶುಕ್ರವಾರ ಅವರು ಒಂದೇ ಕೇಳಿದರು. ಮುಂದಿನ ಮಂಗಳವಾರವೂ ಒಂದೇ. ನನಗೆ ಅಳು ಬಂದ ಹಾಗಾಯಿತು. ನನ್ನ ಟಿಕೆಟ್ ನಾನು ತೆಗೆಯುವುದು ತಪ್ಪೇ? ಮಷಿನ್ನಿಗೆ ಬಯ್ಯಲೇ, ಕಂಡಕ್ಟರನಿಗೆ ಬಯ್ಯಲೇ? ಹೋಗಿ ತಿಳಿಸಿ ಹೇಳೋಣವೆಂದರೆ ಮಾತಾಡುವ ದಾರಿಯೇ ಇಲ್ಲವಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ ನಕ್ಕಳು. “ನಮಗ ನೋಡ್ರಿ, ಟಿಕೀಟಿನ ಚಿಂತಿನಽ ಇಲ್ಲ. ನೀವು ಕ್ರಾಸ್ ಬರೂತನಕಾ ಸುಮ್ನ ಕುಂದರ್ರಿ, ಅಷ್ಟಽ.”

ಶುಕ್ರವಾರ ಸುಮ್ಮನೆ ಕೂತೆ. ಕಂಡಕ್ಟರ್ ಬಂದ. ಫೋನ್ ಸತ್ತಿದೆ ಅಂದೆ. ಫೋನೋ ಆಗಲೇ ಕಿಸೆಯಲ್ಲಿ ಕುಂಯ್ ಅಂದಿತು. ಹಾಗಾದರೆ ರೊಕ್ಕ ಕೊಡಿ ಅಂದ. ಅದೂ ಇಲ್ಲ ಅಂದೆ.

“ಮತ್ತ ಬಸ್ಸ ಯಾಕ ಹತ್ತಿದ್ರಿ?”

“ಕ್ರಾಸ್ ಬರ್ಲಿ ತಡೀರಿ. ನಮ್ಮ ಕಾಕಾ ತಗಸ್ತಾರ.”

ತಲೆ ನರೆತವನ ಬಾಯಲ್ಲಿ ಈ ಮಾತು ಕೇಳಿ ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ಮುಖ ಎಲ್ಲಿಡಲಿ ಎಂದು ತಿಳಿಯದೆ ಕಿಟಕಿಯಾಚೆ ನೋಡುತ್ತ ಕೂತೆ. ಅವರು ಇವತ್ತು ಬರದೇ ಹೋದರೆ? ಬಂದು ಒಂದೇ ಕೇಳಿದರೆ?

ಕ್ರಾಸ್ ಬಂತು. ಕಾಕಾ ಹತ್ತಿದರು. “ಒಂದು ಸವದತ್ತಿ” ಅಂದರು. ಕಂಡಕ್ಟರನಿಗೆ ತಾಳ್ಮೆ ಉಳಿದಿರಲಿಲ್ಲ. ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ:

“ಯಜಮಾನ್ರ, ಹಿಂದ ನಿಮ್ಮ ಮಗಾ ಟಿಕೀಟ ಇಲ್ಲದಽ ಕುಂತಾನ ನೋಡ್ರಿ! ನೀವು ತಗಸ್ತೀರಿ ಅನ್ನಾಕ ಹತ್ತ್ಯಾನ!”

ಬಸ್ಸಿನವರೆಲ್ಲ ತಿರುಗಿ ನನ್ನನ್ನು ನೋಡಿದರು. ಕಾಕಾ ಈ ಸಲ ತಿರುಗಲಿಲ್ಲ. ಅಂಗಿಯ ಒಳಕಿಸೆಗೆ ಮತ್ತೆ ಕೈ ಹಾಕಿದರು.

“ಮುನವಳ್ಳಿಯಿಂದ ಇನ್ನೊಂದು ಕೊಡು” ಅಂದರು.

ಟಿಕೆಟ್ಟು ಕೈಯಿಂದ ಕೈಗೆ ದಾಟಿ ನನ್ನ ತನಕ ಬಂತು. ಸವದತ್ತಿಯಲ್ಲಿ ಇಳಿದಾಗಲೂ ಅವರು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಅವರು ಉಗರಗೋಳದ ಬಸ್ಸಿನತ್ತ ಹೋದರು. ನಾನು ಟಿಕೆಟ್ ಹಿಡಿದು ನಿಂತೇ ಇದ್ದೆ. ಕಂಡಕ್ಟರ್ ಮಗ ಅಂದದ್ದು ಅವರ ಕಿವಿಗೆ ಬಿದ್ದಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಲ್ಲ ಅಂತ ಮಾತ್ರ ಅವರು ಹೇಳಲಿಲ್ಲ.